ಗಮನಕ್ಕೆ ಬಾರದ ಪಾಪಗಳನ್ನು ಅರಿಕೆಮಾಡುವುದು ಹೇಗೆ?

ದೊಡ್ಡ ಪಾಪಗಳು ಮನಸ್ಸನ್ನು ತಾವಾಗಿಯೇ ಚುಚ್ಚುತ್ತವೆ. ಗಮನಕ್ಕೇ ಬಾರದೆ ಉಳಿದ ತಪ್ಪುಗಳಾದರೋ ನಮ್ಮ ಪ್ರಾರ್ಥನೆಯನ್ನು ಒಳಗೊಳಗೇ ಒಣಗಿಸುತ್ತವೆ. ಅರಿಯದೆ ಮಾಡಿದ ಪಾಪಕ್ಕೂ ಬೈಬಲಿನ ಯಾಜಕಕಾಂಡದ 4ನೆಯ ಅಧ್ಯಾಯವು ಯಜ್ಞವನ್ನು ವಿಧಿಸುತ್ತದೆ ಎಂಬುದನ್ನು ನಾವು ಹಗುರವಾಗಿ ಕಾಣಬಾರದು.

ಮೊದಲು 139ನೆಯ ಕೀರ್ತನೆಯ ಕೊನೆಯ ಎರಡು ವಚನಗಳನ್ನು ನಿಧಾನವಾಗಿ ಓದಿ, ಹೃದಯವನ್ನು ಪರೀಕ್ಷಿಸುವ ಕೆಲಸವನ್ನು ದೇವರಿಗೇ ಒಪ್ಪಿಸಿರಿ. ಬಳಿಕ ಕಳೆದ ದಿನವನ್ನು ಬೆಳಿಗ್ಗೆಯಿಂದ ನೆನಪಿಸಿಕೊಳ್ಳುತ್ತಾ, ಮಾಡಿದ್ದನ್ನಷ್ಟೇ ಅಲ್ಲದೆ ಮಾಡದೆ ಬಿಟ್ಟದ್ದನ್ನೂ ಹುಡುಕಿರಿ. ಒಳ್ಳೆಯದನ್ನು ಮಾಡಬೇಕೆಂದು ತಿಳಿದೂ ಮಾಡದಿರುವುದು ಪಾಪವೆಂದು ಯಾಕೋಬನ ಪತ್ರಿಕೆ (4:17) ಸ್ಪಷ್ಟವಾಗಿ ಹೇಳುತ್ತದೆ. ವಿಶ್ವಾಸಿಗಳಲ್ಲಿ ಬಹಳ ಸುಲಭವಾಗಿ ಅಡಗಿಕೊಳ್ಳುವ ಪಾಪವೆಂದರೆ, ನನ್ನ ಅಭಿಪ್ರಾಯದಲ್ಲಿ, ಭಕ್ತಿಯ ವೇಷ ತೊಟ್ಟ ಚಾಡಿ: ಒಬ್ಬ ಸಹೋದರಿಯ ಮನೆಯ ಜಗಳವನ್ನು “ಅವರಿಗಾಗಿ ಪ್ರಾರ್ಥಿಸಿರಿ” ಎಂಬ ಮಾತಿನೊಂದಿಗೆ ಇನ್ನೊಬ್ಬರ ಕಿವಿಗೆ ಹಾಕಿ, ಆಮೇಲೆ ನಾವೇ ಪ್ರಾರ್ಥಿಸದೆ ಮಲಗಿಬಿಡುತ್ತೇವೆ.

ಅರಿಕೆಮಾಡುವಾಗ “ಕರ್ತನೇ, ನನ್ನ ಎಲ್ಲ ತಪ್ಪುಗಳನ್ನು ಕ್ಷಮಿಸು” ಎಂದು ಒಟ್ಟಾಗಿ ಮುಗಿಸದೆ, ಆ ಚಾಡಿಮಾತನ್ನು ಯಾರ ಬಗ್ಗೆ, ಯಾವ ಉದ್ದೇಶದಿಂದ ಆಡಿದೆನೆಂಬುದನ್ನು ನೆಪ ಹೇಳದೆ ತಿಳಿಸಿರಿ. ಯಾರಿಗಾದರೂ ನೋವಾಗಿದ್ದರೆ, ಮತ್ತಾಯ 5:23-24ರ ಪ್ರಕಾರ ಮೊದಲು ಹೋಗಿ ಅವರೊಂದಿಗೆ ಸಮಾಧಾನ ಮಾಡಿಕೊಳ್ಳಿರಿ.

ಏನೂ ನೆನಪಿಗೆ ಬಾರದ ದಿನ ಬಲವಂತವಾಗಿ ಪಾಪಗಳನ್ನು ಕಲ್ಪಿಸಿಕೊಳ್ಳಬೇಡಿರಿ. 19ನೆಯ ಕೀರ್ತನೆಯ ದಾವೀದನಂತೆ, ಕಾಣದ ದೋಷಗಳಿಂದ ಬಿಡಿಸೆಂದು ಬೇಡಿಕೊಂಡರೆ ಸಾಕು. ಅರಿಕೆಮಾಡಿದ್ದನ್ನು ದೇವರು ಕ್ಷಮಿಸುವನೆಂಬ 1 ಯೋಹಾನ 1:9ರ ವಾಗ್ದಾನವನ್ನು ನಂಬಿ, ಕೃತಜ್ಞತಾಸ್ತುತಿಯೊಂದಿಗೆ ಏಳಿರಿ.