ಸೇವಾ ಶಿಬಿರದ ಮುಂದಾಳತ್ವವನ್ನು ಹೆಣ್ಣುಮಕ್ಕಳಿಗೆ ವಹಿಸುವ ಬಗೆ

1969ರಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯಲ್ಲಿ ವಿದ್ಯಾರ್ಥಿ ಸ್ವಯಂಸೇವಕರು ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆ ಸಲ್ಲಿಸಿ, 7 ದಿನಗಳ ವಿಶೇಷ ಶಿಬಿರದಲ್ಲಿಯೂ ಪಾಲ್ಗೊಳ್ಳಬೇಕು. ಆದರೆ ಎಷ್ಟೋ ಶಿಬಿರಗಳಲ್ಲಿ ಹುಡುಗಿಯರ ಪಾಲಿಗೆ ರಂಗೋಲಿ, ಸ್ವಾಗತಗೀತೆ, ಅಡುಗೆಯ ನೆರವು ಇಷ್ಟೇ ಬರುತ್ತದೆ. ಲೆಕ್ಕಪುಸ್ತಕವೂ ಮೈಕೂ ಹುಡುಗರ ಬಳಿಯೇ ಉಳಿಯುತ್ತವೆ. ಶಿಬಿರದ ಹೊಣೆ ಹೊತ್ತ ಅಧ್ಯಾಪಕರಾದ ಕಾರ್ಯಕ್ರಮಾಧಿಕಾರಿಗಳು ಮೊದಲು ಬದಲಿಸಬೇಕಾದದ್ದು ಇದನ್ನೇ.

ಶಿಬಿರಕ್ಕೆ ಒಂದು ತಿಂಗಳು ಮುಂಚೆಯೇ ನಾಲ್ಕೈದು ವಿದ್ಯಾರ್ಥಿನಿಯರನ್ನು ಹಳ್ಳಿಗೆ ಕರೆದೊಯ್ದು, ನೀರು, ಶೌಚಾಲಯ, ಬೀದಿದೀಪಗಳ ಸ್ಥಿತಿಯನ್ನು ಮನೆಮನೆಗೆ ಹೋಗಿ ವಿಚಾರಿಸಿ ದಾಖಲಿಸಲು ಹೇಳಿರಿ. ಯಾವ ಕೆಲಸ ಕೈಗೊಳ್ಳಬೇಕು, ಅದಕ್ಕೆಷ್ಟು ಖರ್ಚಾದೀತು ಎಂಬುದನ್ನು ಅವರೇ ನಿರ್ಧರಿಸಲಿ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯನ್ನು ಕಾಣುವಾಗ ನೀವು ಜೊತೆಗಿರಿ, ಮಾತು ಮಾತ್ರ ವಿದ್ಯಾರ್ಥಿನಿಯರದಾಗಿರಲಿ; ತಡವರಿಸಿದರೂ ನಡುವೆ ಬಾಯಿ ಹಾಕಬೇಡಿರಿ, ಏಕೆಂದರೆ ಆ ಕ್ಷಣದ ಅಳುಕನ್ನು ತಾನೇ ದಾಟಿದ ಹುಡುಗಿಗೆ ಮುಂದಿನ ಸಭೆಯಲ್ಲಿ ಎದ್ದು ನಿಲ್ಲುವುದು ಸುಲಭವಾಗುತ್ತದೆ. ಕರ್ನಾಟಕದ ಪಂಚಾಯಿತಿಗಳಲ್ಲಿ ಶೇ 50ರಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿರುವುದರಿಂದ, ಆ ಊರಿನ ಸದಸ್ಯೆಯೊಬ್ಬರೊಡನೆ ಒಂದು ಸಂಜೆಯ ಮಾತುಕತೆಯನ್ನೂ ಏರ್ಪಡಿಸಿರಿ.

ತಂದೆತಾಯಿಯರ ಆತಂಕವನ್ನು ಹಗುರವಾಗಿ ಕಾಣಬಾರದು. ರಾತ್ರಿ ತಂಗುವ ಕೋಣೆ, ಸ್ನಾನಗೃಹ, ಜೊತೆಗಿರುವ ಅಧ್ಯಾಪಕಿ, ಇವೆಲ್ಲದರ ವಿವರವನ್ನು ಮೊದಲೇ ಪತ್ರದಲ್ಲಿ ತಿಳಿಸಿರಿ. ಶಿಬಿರದಲ್ಲಿ ದಿನಕ್ಕೊಬ್ಬ ನಾಯಕಿ ಇರಲಿ. ರಾತ್ರಿಯ ಅವಲೋಕನ ಸಭೆಯನ್ನೂ ಅಂದಿನ ಲೆಕ್ಕವನ್ನೂ ಆಕೆಯೇ ನಡೆಸಿಕೊಡಲಿ.