ಹೊಳೆ ಬದಿಯ ಒಂಬತ್ತು ಮನೆಗಳಿಗೆ ನಾನು ರೂಲ್ಸ್ ಬರೆದದ್ದು

ನಾನು ಆರ್ಕಿಟೆಕ್ಟ್, ಉಡುಪಿಯಲ್ಲಿ ಸಣ್ಣ ಆಫೀಸು ಉಂಟು. ನಮ್ಮ ಅಜ್ಜನ ಕಾಲದ ತೆಂಗಿನ ತೋಟ ಸೀತಾ ನದಿ ದಂಡೆಯಲ್ಲಿ, ಮಾಬುಕಳ ಸೇತುವೆ ಕೆಳಗಿಂದ ಹಂಗಾರಕಟ್ಟೆ ಕಡೆ ಹೋಗುವಾಗ ಸಿಗತ್ತೆ. ಪಾಲಾದ ಮೇಲೆ ಅದು ಒಂಬತ್ತು ಸೈಟ್ ಆಯ್ತು, ಆರು ನಮ್ಮ ಕುಟುಂಬದವ್ರದ್ದು, ಮೂರು ಹೊರಗಿನವ್ರು ತಗೊಂಡ್ರು. ಬೆಂಗಳೂರು, ಮುಂಬೈ, ದುಬೈ ಅಂತ ಎಲ್ಲಾ ಕಡೆ ಇರೋ ಜನ. "ನೀನು ಹೇಗೂ ಇದೇ ಕೆಲಸ ಮಾಡುದಲ್ವಾ ಮಾರಾಯ, ಎಲ್ಲಾ ಮನೆಗೂ ಸೇರಿ ರೂಲ್ಸ್ ಬರ್ದುಕೊಡು, ಆಮೇಲೆ ಜಗಳ ಬೇಡ" ಅಂತ ದೊಡ್ಡಪ್ಪನ ಮಗ ಅಣ್ಣ ಹೇಳಿದ್ದು 2021ರಲ್ಲಿ.

ಬರ್ದೆ. ಹದಿನಾಲ್ಕು ಪೇಜ್. ಗೋಡೆ ಬಣ್ಣ ಯಾವ್ದಿರ್ಬೇಕು, ಕಿಟಕಿ ಉದ್ದ ಅಗಲ ಎಷ್ಟು, ಗೇಟ್ ಡಿಸೈನ್, ಎಲ್ಲಾ ಇತ್ತು. ಅತ್ತಿಗೆ ಒಬ್ರೇ ಪೂರ್ತಿ ಓದಿದ್ದು ಅನ್ಸತ್ತೆ, ಓದಿ ಕೇಳಿದ್ರು, "ಇದ್ರಲ್ಲಿ ಮಳೆಗಾಲದಲ್ಲಿ ನೀರು ಎಲ್ಲಿಗೆ ಹೋಗ್ತದೆ ಅಂತ ಎಲ್ಲೂ ಬರ್ದಿಲ್ಲ ಅಲ್ವಾ?" ನನ್ನ ಹತ್ರ ಉತ್ತರ ಇರ್ಲಿಲ್ಲ. ಆ ಹದಿನಾಲ್ಕು ಪೇಜನ್ನ ಅಲ್ಲೇ ಬಿಟ್ಟೆ.

ಮತ್ತೆ ಶುರು ಮಾಡಿದ್ದು ನೀರಿಂದ. 2020ರ ಸೆಪ್ಟೆಂಬರ್ 20ರ ನೆರೆ ಉಡುಪಿ ಕಡೆಯವ್ರು ಯಾರೂ ಮರೆತಿರಲ್ಲ, ಸ್ವರ್ಣಾ ಸೀತಾ ಎರಡೂ ಉಕ್ಕಿ ಬಂದಿದ್ವು. ನಮ್ಮ ಬಾವಿಕಟ್ಟೆ ಕಲ್ಲಿನ ಮೇಲೆ ಆ ಕೆಸರಿನ ಗೆರೆ ಹಾಗೇ ಇತ್ತು, ನೆಲದಿಂದ ಒಂದಡಿ ಮೇಲೆ. ನಾನು ಹೊಳೆ ಕಡೆ ಮುಖ ಮಾಡಿ ಲೆವೆಲ್ ತೆಗೀತಾ ಇದ್ದಾಗ ಪಕ್ಕದ ಮನೆ ಅಜ್ಜಿ ಬಂದು ನೋಡಿ ಹೇಳಿದ್ರು, "ಹೊಳಿ ನೀರ್ ಎದ್ರಿಂದ ಬಪ್ಪುದಲ್ಲ ಮಗಾ, ತೋಡಿಂದ ಹಿಂದ್ ಬದಿಗ್ ಬಪ್ಪುದ್." ತೋಡು ಅಂದ್ರೆ ಸಣ್ಣ ಕಾಲುವೆ. ಹೋಗಿ ನೋಡಿದ್ರೆ ಹೌದು, ತೋಟದ ಹಿಂದೆ ಗದ್ದೆ ಕಡೆಯಿಂದ ಬರೋ ತೋಡೇ ಜಾಗದಲ್ಲೆಲ್ಲಾ ತಗ್ಗು. ಉಬ್ಬರದ ಹೊತ್ತಿಗೆ ಜೋರು ಮಳೆ ಬಂದ್ರೆ ಹೊಳೆ ಸಮುದ್ರ ಸೇರೋ ಅಳಿವೆಯಲ್ಲಿ ನೀರು ಆಚೆ ಹೋಗಲ್ಲ, ಹೊಳೆ ಏರತ್ತೆ, ತೋಡಿನ ನೀರು ವಾಪಸ್ ತಿರುಗಿ ಹಿಂದಿಂದ ಅಂಗಳಕ್ಕೆ ನುಗ್ಗತ್ತೆ. ಒಂಬತ್ತು ಜನ ಒಂಬತ್ತು ಕಾಂಪೌಂಡ್ ಕಟ್ಟಿಬಿಟ್ರೆ ಆ ನೀರು ಕೊನೇ ಸೈಟಿನವ್ರ ಮನೆ ಒಳಗೇ ಹೋಗಿ ನಿಲ್ಲತ್ತೆ, ಬೇರೆ ದಾರಿನೇ ಇಲ್ಲ.

ಹಾಗಾಗಿ ಮೊದಲ ರೂಲ್, ಮಣ್ಣು ತುಂಬೋದು ಮನೆ ನಿಲ್ಲೋ ಜಾಗದಲ್ಲಿ ಮಾತ್ರ. ಅಂಗಳ ಅಜ್ಜನ ಕಾಲದಲ್ಲಿ ಎಷ್ಟು ಎತ್ತರ ಇತ್ತೋ ಅಷ್ಟೇ ಇರ್ಬೇಕು. ಪ್ಲಿಂತ್, ಅಂದ್ರೆ ಮನೆ ಒಳಗಿನ ನೆಲ ಕೂರೋ ಕಟ್ಟೆ, ಆ ನೆರೆ ಗೆರೆಗಿಂತ 60 ಸೆಂಟಿಮೀಟರ್ ಮೇಲೆ, ಅಂದ್ರೆ ನೆಲದಿಂದ 90. ಅಡ್ಡ ಕಾಂಪೌಂಡ್ ಗೋಡೆ ಇಲ್ವೇ ಇಲ್ಲ, ಕಲ್ಲುಕಂಬ ನಿಲ್ಸಿ ನಡುವೆ ದಾಸವಾಳದ ಬೇಲಿ. ಮುಂಬೈಯಲ್ಲಿರೋ ಚಿಕ್ಕಪ್ಪ ಇದಕ್ಕೆ ಒಪ್ಪೋಕೆ ನಾಲ್ಕು ತಿಂಗಳು ತಗೊಂಡ್ರು, ವರ್ಷಕ್ಕೆ ಎರಡೇ ಸಲ ಊರಿಗೆ ಬರೋರು, ಮನೆಗೆ ಸೇಫ್ಟಿ ಬೇಡ್ವಾ ಅನ್ನೋದು ಅವ್ರ ಪ್ರಶ್ನೆ, ಅದು ತಪ್ಪೂ ಅಲ್ಲ. ಕೊನೆಗೆ ಜಗಲಿ ಸುತ್ತ ಮರದ ಅಳಿ (ಸರಳು) ಹಾಕಿ ಬೀಗ ಹಾಕೋ ಹಾಗೆ ಮಾಡ್ಕೊಟ್ಟೆ. ಸೈಟಿಗೆ ಬೇಲಿ ಬದ್ಲು ಮನೆಗೇ ಬೇಲಿ.

ಎರಡನೇದು ಸಿಆರ್‌ಝೆಡ್. ಕೋಸ್ಟಲ್ ರೆಗ್ಯುಲೇಶನ್ ಝೋನ್, ಅಂದ್ರೆ ಕರಾವಳಿಯಲ್ಲಿ ನೀರಿಂದ ಎಷ್ಟು ದೂರ ಬಿಟ್ಟು ಏನು ಕಟ್ಬಹುದು ಅನ್ನೋ ಕೇಂದ್ರ ಸರ್ಕಾರದ ನಿಯಮ. ಇದ್ರ ಬಗ್ಗೆ ಜನಕ್ಕೆ ತುಂಬಾ ಕನ್‌ಫ್ಯೂಷನ್ ಇದೆ, ಸಮುದ್ರದ ಬದಿಗೆ ಮಾತ್ರ ಅಂದ್ಕೊಂಡಿರ್ತಾರೆ. ಹಾಗಲ್ಲ, ಉಬ್ಬರ ಇಳಿತದ ಪ್ರಭಾವ ಇರೋ ಹೊಳೆಗೂ ಅನ್ವಯ ಆಗತ್ತೆ, ಬೇಸಗೆಯಲ್ಲಿ ನೀರಿನ ಉಪ್ಪು ಸಾವಿರಕ್ಕೆ 5 ಭಾಗ ಇರೋವರೆಗೂ ಲೆಕ್ಕ. 2011ರ ನೋಟಿಫಿಕೇಶನ್‌ನಲ್ಲಿ ಹಳ್ಳಿ ಕಡೆ ಇಂಥ ಹೊಳೆಗೆ 100 ಮೀಟರ್ ಬಿಡ್ಬೇಕಿತ್ತು, 2019ರದ್ರಲ್ಲಿ 50 ಮೀಟರ್ ಆಯ್ತು, ಎರಡ್ರಲ್ಲೂ ಹೊಳೆ ಅಗಲ ಅದಕ್ಕಿಂತ ಕಮ್ಮಿ ಇದ್ರೆ ಆ ಅಗಲದಷ್ಟು. ಅಳೆಯೋದು ಇವತ್ತು ನೀರು ಕಾಣೋ ಜಾಗದಿಂದ ಅಲ್ಲ, ಮ್ಯಾಪಲ್ಲಿ ಹಾಕಿರೋ ಉಬ್ಬರದ ಗೆರೆಯಿಂದ. ನಮಗೆ ಮೊದ್ಲು ಲೇಔಟ್ ಸ್ಕೆಚ್ ಹಾಕ್ಕೊಟ್ಟವ್ರು ಎದುರಿನ ಮೂರು ಮನೆಗಳನ್ನ ನೀರಿಂದ 30 ಮೀಟರಿಗೇ ಇಟ್ಟಿದ್ರು, ಅದನ್ನ ನಂಬಿ ಪಾಯ ತೆಗ್ದಿದ್ರೆ ಅಷ್ಟೇ ಕಥೆ. ಈಗ ಆ 50 ಮೀಟರ್ ಪೂರ್ತಿ ಒಂಬತ್ತು ಮನೆಯವ್ರಿಗೂ ಸೇರಿದ್ದು: ತೆಂಗು, ಒಂದು ಕಾಲುದಾರಿ, ದೋಣಿ ಎಳ್ಕೊಂಡು ಬರೋ ಜಾಗ. ಅಲ್ಲಿ ಕಾಂಕ್ರೀಟ್ ಅನ್ನೋದೇ ಇಲ್ಲ. ವ್ಯೂ ಬೇಕು ಅಂತ ಕಾಂಡ್ಲಾ (ಮ್ಯಾಂಗ್ರೋವ್) ಗಿಡ ಕಡಿಯೋ ಹಾಗೂ ಇಲ್ಲ, ಆ ದಂಡೆ ಕೊರೆದು ಹೋಗದೆ ನಿಂತಿರೋದೇ ಕಾಂಡ್ಲಾ ಬೇರಿಂದ.

ಹಿಂದಿನ ಸಾಲಿನವ್ರಿಗೂ ಹೊಳೆ ಕಾಣ್ಬೇಕಲ್ಲ, ಅದಕ್ಕೆ ಮನೆಗಳನ್ನ ಎದುರುಬದ್ರು ಇಡದೆ ಸ್ವಲ್ಪ ಸರಿಸಿ ಸರಿಸಿ ಇಟ್ವಿ, ಪ್ರತಿ ಮನೆ ಪಕ್ಕ 3 ಮೀಟರ್ ಬಿಟ್ರೆ ಎರಡು ಮನೆ ಮಧ್ಯೆ 6 ಮೀಟರ್ ಆಗತ್ತೆ. ಮಧ್ಯಾಹ್ನದ ಪಡುಗಾಳಿ ಅದ್ರಲ್ಲೇ ಹಿಂದಿನ ಮನೆವರೆಗೂ ಬರತ್ತೆ.

ನನಗೆ ತುಂಬಾ ತಲೆ ಕೆಡಿಸಿದ್ದು ಮಾಡು, ಅಂದ್ರೆ ಮನೆಯ ಇಳಿಜಾರು ಚಾವಣಿ. ಸಮುದ್ರದ ಕಡೆ ಸಿಆರ್‌ಝೆಡ್-3ರಲ್ಲಿ, ಅಂದ್ರೆ ಹಳ್ಳಿ ಕಡೆಯ ವಲಯದಲ್ಲಿ, ಮನೆಗಳಿಗೆ 9 ಮೀಟರ್ ಎತ್ತರ, ನೆಲ ಮತ್ತೆ ಒಂದು ಮಹಡಿ ಅನ್ನೋ ಮಿತಿ ಇದೆ. ನಮ್ಮ ಮನೆಗಳು 50 ಮೀಟರಿಂದ ಆಚೆ ಇರೋದ್ರಿಂದ ಅದು ನಮಗೆ ಕಾನೂನಿನ ಪ್ರಕಾರ ಬರಲ್ಲ, ಆದ್ರೂ ನಾವೇ ತಗೊಂಡ್ವಿ, ತೆಂಗಿನ ತಲೆಗಿಂತ ಮನೆ ಮೇಲೆ ಹೋಗ್ಬಾರ್ದು ಅಂತ. ಇನ್ನೊಂದ್ಕಡೆ ವರ್ಷಕ್ಕೆ 4000 ಮಿಲಿಮೀಟರ್ ಆಸುಪಾಸು ಮಳೆ, ಅದ್ರಲ್ಲಿ ಹೆಚ್ಚಿನದ್ದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ, ನೈಋತ್ಯದಿಂದ ಅಡ್ಡಡ್ಡ ಹೊಡೆಯೋದು. ಮಂಗಳೂರು ಹಂಚಿಗೆ 30 ಡಿಗ್ರಿ ಇಳಿಜಾರಾದ್ರೂ ಬೇಕು ಅಂತ ನನ್ನ ಹಠ. ಈಗ ಲೆಕ್ಕ ಹಾಕಿ: ಪ್ಲಿಂತ್ 0.9, ಕೆಳಗೆ 3, ಮೇಲೆ 3, ಅಲ್ಲಿಗೇ 6.9 ಮೀಟರ್ ಆಯ್ತು. ಮಾಡಿಗೆ ಉಳಿದಿದ್ದು 2.1. 30 ಡಿಗ್ರಿಯಲ್ಲಿ ಅಷ್ಟು ಎತ್ತರಕ್ಕೆ ಗೋಡೆಯಿಂದ ಗೋಡೆಗೆ ಸುಮಾರು 7.2 ಮೀಟರ್ ಅಗಲ ಮಾತ್ರ ಮುಚ್ಚೋಕಾಗತ್ತೆ. ಅಂದ್ರೆ ಮಹಡಿ ಇರೋ ಭಾಗ ಉದ್ದಕ್ಕೆ, ಸಪೂರಕ್ಕೆ ಇರ್ಬೇಕು, ಉಳಿದ ರೂಮು ಅಡುಗೆಮನೆ ಎಲ್ಲಾ ಪಕ್ಕದಲ್ಲಿ ತಗ್ಗು ಮಾಡಿನ ಕೆಳಗೆ. ಇದನ್ನ ಬಿಡಿಸಿ ನೋಡ್ದಾಗ ನಂಗೇ ಆಶ್ಚರ್ಯ ಆಯ್ತು, ನಮ್ಮ ಕಡೆ ಹಳೇ ಮನೆಗಳ ಆಕಾರನೇ ಅದು, ಸಪೂರ ಉಪ್ಪರಿಗೆ, ಸುತ್ತ ಇಳಿಜಾರು ಜಗಲಿ. ನಾನು ಹದಿನಾಲ್ಕು ಪೇಜಲ್ಲಿ ಬಲವಂತ ಮಾಡಿ ತರೋಕೆ ಹೊರಟಿದ್ದ ಚೆಂದ ಎರಡು ನಂಬರಿಂದ ತಾನಾಗೇ ಬಂತು. ಸೂರು ಗೋಡೆಯಿಂದ ಮೂರಡಿ ಹೊರಗೆ ಬರ್ಬೇಕು ಅಂತ ಇನ್ನೊಂದು ಸಾಲು ಸೇರಿಸಿದೆ, ಬಣ್ಣದ ಚಾಪ್ಟರ್ ಪೂರ್ತಿ ಕಿತ್ತು ಹಾಕಿದೆ.

ಕಾಂಕ್ರೀಟ್ ವಿಷ್ಯ ಸಾಮಾನ್ಯವಾಗಿ ಇಂಥ ರೂಲ್ಸಲ್ಲಿ ಯಾರೂ ಬರೆಯಲ್ಲ, ನಾನು ಬರ್ದೆ, ಯಾಕಂದ್ರೆ ಉಪ್ಪು ಗಾಳಿಗೆ ಹದಿನೈದೇ ವರ್ಷದಲ್ಲಿ ಕಂಬಿ ತುಕ್ಕು ಹಿಡಿದು ಸ್ಲಾಬ್ ಉದುರೋ ಮನೆಗಳನ್ನ ರಿಪೇರಿ ಮಾಡಿಯೇ ನನ್ನ ಅರ್ಧ ಪ್ರಾಕ್ಟೀಸ್ ನಡೆದಿದೆ. ಕಾಂಕ್ರೀಟಿಗೆ ಇರೋ ಭಾರತದ ಸ್ಟ್ಯಾಂಡರ್ಡ್ ಐಎಸ್ 456ರಲ್ಲಿ ಕರಾವಳಿ ವಾತಾವರಣಕ್ಕೆ ಎಂ30 ದರ್ಜೆಯ ಕಾಂಕ್ರೀಟ್, ಕಂಬಿ ಮೇಲೆ 45 ಮಿಲಿಮೀಟರ್ ದಪ್ಪ ಕಾಂಕ್ರೀಟ್ ಕವರ್ ಅಂತ ಸ್ಪಷ್ಟ ಇದೆ. ಆ ಅಂತರ ಉಳಿಯೋಕೆ ಕಂಬಿ ಕೆಳಗೆ ಇಡೋ ಕವರ್ ಬ್ಲಾಕ್ ಸೈಟಲ್ಲಿ ಸಿಗೋದು 20, 25ರದ್ದು. ನಾವು 45ರದ್ದು ಅಲ್ಲೇ ಅಚ್ಚು ಹಾಕಿಸಿ ಒಂಬತ್ತು ಮನೆಗೂ ಕೊಟ್ವಿ. ನೀರೂ ಅಷ್ಟೇ ಮುಖ್ಯ, ಆರ್‌ಸಿಸಿಗೆ ಬಳಸೋ ನೀರಲ್ಲಿ ಕ್ಲೋರೈಡ್ ಲೀಟರಿಗೆ 500 ಮಿಲಿಗ್ರಾಂ ದಾಟಬಾರ್ದು. ನಮ್ಮ ಬಾವಿ ನೀರು ಜನವರಿಯಲ್ಲಿ ಟೆಸ್ಟಲ್ಲಿ ಪಾಸ್, ಏಪ್ರಿಲ್‌ನಲ್ಲಿ ಫೇಲ್, ಹೊಳೆ ಉಪ್ಪು ಒಳಗೆ ಬರತ್ತೆ. ಅದಕ್ಕೆ ಸ್ಲಾಬ್ ಹಾಕೋದು ಫೆಬ್ರವರಿ ಒಳಗೆ, ಇಲ್ಲಾಂದ್ರೆ ಟ್ಯಾಂಕರ್ ನೀರು ತರಿಸ್ಬೇಕು. ಹಿಡ್ಕೊಳ್ಳೋ ರೇಲಿಂಗಿಗೆ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಹಾಕಿದ ಒಂದು ಮನೇಲಿ ಒಂದೇ ಮಳೆಗಾಲಕ್ಕೆ ಚಹಾ ಬಣ್ಣದ ಕಲೆ ಬಂತು, ಆಮೇಲೆ 316 ಅಂತ ತಿದ್ದಿದ್ವಿ.

ರಾತ್ರಿ ಲೈಟ್ ಬಗ್ಗೆ ಒಂದು ರೂಲ್ ಇದೆ, ಅದು ಬಂದಿದ್ದು ಮೀನು ಹಿಡಿಯೋರ ಮಾತಿಂದ. ಹೊಳೆ ಕಡೆ ಮುಖ ಮಾಡಿರೋ ಫ್ಲಡ್‌ಲೈಟ್ ದೋಣಿಯಲ್ಲಿರೋರ ಕಣ್ಣಿಗೇ ಹೊಡೆಯತ್ತೆ, ಬಲೆ ಎಲ್ಲಿ ಬಿಟ್ಟಿದ್ದು ಅಂತ್ಲೇ ಕಾಣಲ್ಲ ಅಂದ್ರು. ಅವ್ರು ನಮಗಿಂತ ಮೊದ್ಲಿಂದ ಆ ನೀರಲ್ಲಿ ಇರೋರು. ಹೊರಗಿನ ಲೈಟೆಲ್ಲಾ ಕೆಳಮುಖ.

ಕೊನೆಗೆ ಇದೆಲ್ಲಾ ಒಂದೇ ದೊಡ್ಡ ಹಾಳೆಯಲ್ಲಿ, ಚಿತ್ರ ಸಮೇತ. ಈ ಐಡಿಯಾ ಅಮೆರಿಕದ ಫ್ಲೋರಿಡಾದ ಸೀಸೈಡ್‌ದು. 1980ರ ದಶಕದ ಆ ಊರಿಗೆ ಆರ್ಕಿಟೆಕ್ಟ್‌ಗಳಾದ ಡುವಾನಿ ಮತ್ತೆ ಪ್ಲೇಟರ್-ಝೈಬರ್ಕ್ ಬರೆದ ಕೋಡ್, ಅಂದ್ರೆ ಮನೆ ಕಟ್ಟೋ ರೂಲ್ಸ್, ಒಂದೇ ಹಾಳೆಯದ್ದು ಅಂತ ಓದುವಾಗ ಕಲ್ತಿದ್ದೆ. ಅವ್ರ ರೂಲ್ಸ್ ನಮಗಾಗಲ್ಲ, ಹಾಳೆ ಆಗತ್ತೆ. ಮೇಸ್ತ್ರಿ ಅದನ್ನ ಸಿಮೆಂಟ್ ಶೆಡ್ ಬಾಗಿಲಿಗೆ ಅಂಟಿಸ್ಕೊಂಡಿದ್ರು.

ಕರಾರು ಪತ್ರಕ್ಕೆ ಒಂಬತ್ತು ಜನರೂ ಸೈನ್ ಹಾಕಿದ್ದಾರೆ, ಪ್ಲಾನ್ ಪಂಚಾಯ್ತಿಗೆ ಹೋಗೋ ಮೊದ್ಲು ನಮ್ಮಲ್ಲೇ ಮೂರು ಜನ ನೋಡ್ತೀವಿ. ಒಮ್ಮೆ ಮಾತ್ರ ತಪ್ಪಿತು, ಒಬ್ರು ಗಾರ್ಡನ್ ಮಾಡ್ಬೇಕು ಅಂತ ಎಂಟು ಲೋಡ್ ಕೆಂಪು ಮಣ್ಣು ಹಾಕಿಸಿದ್ರು, ಆ ಜುಲೈಯಲ್ಲಿ ಪಕ್ಕದವ್ರ ಅಂಗಳದಲ್ಲಿ ಮೂರು ದಿನ ನೀರು ನಿಂತಿತ್ತು. ಬೈಯೋ ಬದ್ಲು ಅವ್ರನ್ನ ಕರ್ಕೊಂಡು ಹೋಗಿ ಆ ನೀರಲ್ಲಿ ನಿಲ್ಸಿದ್ವಿ. ದೀಪಾವಳಿ ಒಳಗೆ ಅವ್ರೇ ಮಣ್ಣು ತೆಗೆಸಿದ್ರು.

ಏಳು ಮನೆ ಮುಗಿದಿದೆ. ಎಂಟನೇದ್ರ ಪ್ಲಾನ್ ಈಗ ನನ್ನ ಟೇಬಲ್ ಮೇಲಿದೆ, ಮಹಡಿ ಅಗಲ 8 ಮೀಟರ್ ಮಾಡಿದ್ದಾರೆ, ಮಾಡಿನ ತುದಿ 9.2ಕ್ಕೆ ಹೋಗ್ತಿದೆ. ನನ್ನ ಸ್ವಂತ ತಂಗಿ ಮನೆ ಅದು. ನಾಳೆ ಫೋನ್ ಮಾಡಿ ಅಗಲ ಕಮ್ಮಿ ಮಾಡೋಕೆ ಹೇಳ್ಬೇಕು.