ಪಚ್ಚಿಲೆಯ ನಾರು ತಕಲಿ ಏರಿದ ಬಗೆ

ಕಡಲ ಬಂಡೆಗಳ ಚಿಪ್ಪುಜೀವಿ ಪಚ್ಚಿಲೆಯ ಸುಕ್ಕ ಮಾಡುವವರಿಗೆ ಚಿಪ್ಪಿನ ಸಂದಿಯಲ್ಲಿ ನೇತಾಡುವ ಆ ಕಂದು ನಾರು ಗೊತ್ತೇ ಇರುತ್ತದೆ. ಬಂಡೆಗೆ ಕಚ್ಚಿಕೊಳ್ಳಲು ಪಚ್ಚಿಲೆ ತಾನೇ ಸ್ರವಿಸುವ ನಾರು ಅದು. ನಾವು ಎಳೆದು ಬಿಸಾಡುತ್ತೇವೆ. ಹತ್ತಿ ನೂಲುವ ನನಗೆ ಅದನ್ನೂ ನೂತು ನೋಡುವ ಹುಚ್ಚು ಹತ್ತಿಸಿದ್ದು ಇಟಲಿಯ ಸಮುದ್ರ ರೇಷ್ಮೆ.

ಸಾರ್ಡೀನಿಯಾ ದ್ವೀಪದ ಸಂತ್ ಅಂತಿಯೊಕೊ, ದಕ್ಷಿಣ ಇಟಲಿಯ ತಾರಾಂತೊ ಊರುಗಳಲ್ಲಿ ಪಿನ್ನಾ ನೊಬಿಲಿಸ್ ಎಂಬ ದೊಡ್ಡ ಚಿಪ್ಪುಜೀವಿಯ ನಾರನ್ನು ತೊಳೆದು, ಬಾಚಿ, ನೂತು, ನಿಂಬೆರಸದಲ್ಲಿ ಅದ್ದಿ ಹೊನ್ನಿನ ಹೊಳಪು ಬರಿಸುತ್ತಿದ್ದರು. ಅದೇ ಸಮುದ್ರ ರೇಷ್ಮೆ. ಆ ನಾರು ಗೇಣುದ್ದದ ಹತ್ತಿರಕ್ಕೆ ಬರುತ್ತದೆ. ನಮ್ಮ ಪಚ್ಚಿಲೆಯದು ಬೆರಳುದ್ದವೂ ಇಲ್ಲ, ಮೇಲಾಗಿ ದಪ್ಪ. ಇಡೀ ಕಷ್ಟ ಇರುವುದೇ ಇಲ್ಲಿ.

ಉಪ್ಪು ಬಿಡುವ ತನಕ ಸಿಹಿನೀರಿನಲ್ಲಿ ನೆನೆಸಿದೆ. ಎಳೆಯ ತುದಿಯಲ್ಲಿರುವ ಅಂಟುಬಿಲ್ಲೆಗಳನ್ನು ಕತ್ತರಿಸಿದೆ. ಅವು ಉಳಿದರೆ ಹಣಿಗೆ ಓಡುವುದೇ ಇಲ್ಲ. ನೆರಳಲ್ಲಿ ಒಣಗಿಸಿ ಹೇನಿನ ಹಣಿಗೆಯಿಂದ ಬಾಚಿದೆ. ಒಣಗಿದ ನಾರು ತಂತಿಯಂತೆ ಸೆಟೆದು ನಿಲ್ಲುತ್ತದೆ, ಹುರಿ ಹಿಡಿಯುವುದಿಲ್ಲ. ತುಸು ಒದ್ದೆ ಮಾಡಿದರೆ ಬಾಗುತ್ತದೆ. ಹಾಗಾಗಿ ಹತ್ತಿಯ ಜೊತೆ ಹಿಂಜಿ, ಸುರುಳಿ ಸುತ್ತಿ ಹಂಜಿ ಮಾಡಿ, ಬೆರಳು ಒದ್ದೆ ಮಾಡಿಕೊಳ್ಳುತ್ತಲೇ ತಕಲಿಯಲ್ಲಿ, ಅಂದರೆ ಕೈಯಲ್ಲಿ ತಿರುಗಿಸುವ ಕದಿರಿನಲ್ಲಿ, ನೂತೆ. ಹತ್ತಿ ಹೆಚ್ಚು, ನಾರು ಕಡಿಮೆ ಇದ್ದರಷ್ಟೇ ಎಳೆ ನಿಲ್ಲುತ್ತದೆ. ನಿಂಬೆರಸಕ್ಕೆ ಬಣ್ಣ ಕೊಂಚ ತಿಳಿಯಾಯಿತು. ಹೊನ್ನು ಎನ್ನಲು ಬಾಯಿ ಬಾರದು.

ಬರೀ ನಾರಿನ ತುಣುಕನ್ನು ಸುಟ್ಟು ನೋಡಿ: ಕೂದಲು ಸುಟ್ಟ ವಾಸನೆ ಬರುತ್ತದೆ, ಪ್ರೋಟೀನ್ ತಾನೇ. ಲಿನನ್ ಬಟ್ಟೆಯ ಅಗಸೆ ನಾರಾದರೆ ಕಾಗದದಂತೆ ಉರಿಯುತ್ತದೆ. ಈ ವ್ಯತ್ಯಾಸ ಯಾಕೆ ಹೇಳುತ್ತಿದ್ದೇನೆಂದರೆ, ಚಿಪ್ಪಿನ ನಾರಿಗೂ ಪ್ರಾಚೀನರ ನವಿರು ಬಟ್ಟೆಗೂ ‘ಬಿಸ್ಸಸ್’ ಎಂಬ ಒಂದೇ ಹೆಸರು. ಈಜಿಪ್ಟಿನ ಕ್ರಿ.ಪೂ. 196ರ ರೊಸೆಟ್ಟಾ ಶಾಸನದಲ್ಲಿ, ದೇವಾಲಯಗಳು ಅರಸನಿಗೆ ಕೊಡಬೇಕಿದ್ದ ಬಿಸ್ಸಸ್ ಬಟ್ಟೆಯಲ್ಲಿ ಮೂರನೇ ಎರಡು ಪಾಲು ಮನ್ನಾ ಆದ ಮಾತಿದೆ. ಅದು ಅಗಸೆಯ ಬಟ್ಟೆ. ಚಿಪ್ಪಿನ ನಾರಿಗೆ ಆ ಹೆಸರು ಅಂಟಿದ್ದು ಬಹಳ ತಡವಾಗಿ, 15ನೇ ಶತಮಾನದಲ್ಲಿ ಅರಿಸ್ಟಾಟಲನ ಪ್ರಾಣಿಶಾಸ್ತ್ರ ಲ್ಯಾಟಿನ್ನಿಗೆ ಮತ್ತೊಮ್ಮೆ ಅನುವಾದವಾದಾಗ. ಹಳೆಯ ಗ್ರಂಥಗಳ ಬಿಸ್ಸಸ್ಸನ್ನೆಲ್ಲ ಸಮುದ್ರ ರೇಷ್ಮೆ ಎಂದು ಹೇಳಿಕೊಂಡು ತಿರುಗುವವರು ಇದನ್ನು ಗಮನಿಸಬೇಕು.

ಪಿನ್ನಾದ ನಾರನ್ನೇ ತರಿಸಿಕೊಳ್ಳುವ ಆಸೆ ಬೇಡ. ಐರೋಪ್ಯ ಒಕ್ಕೂಟದಲ್ಲಿ 1992ರಿಂದ ಅದಕ್ಕೆ ಕಾನೂನಿನ ರಕ್ಷಣೆ ಇದೆ. 2016ರಿಂದೀಚೆಗೆ ಪರೋಪಜೀವಿ ರೋಗ ಬಂದು ಮೆಡಿಟರೇನಿಯನ್ನಿನಲ್ಲಿ ರಾಶಿರಾಶಿಯಾಗಿ ಸಾಯುತ್ತಿವೆ. ಅಡುಗೆಮನೆಯ ಕಸದಲ್ಲಿ ಸಿಗುವ ಪಚ್ಚಿಲೆ ನಾರಿಗೆ ಅಂಥ ಅಡ್ಡಿಯಿಲ್ಲ. ಸೀರೆ ಬಿಡಿ, ಕರವಸ್ತ್ರಕ್ಕೂ ಸಾಲದು. ಕಸೂತಿಯ ಒಂದೆರಡು ಎಳೆಗೆ ಅಡ್ಡಿಯಿಲ್ಲ.